ನಾಲ್ಕನೇ ಡಿವಿಷನ್ನಿನ ಖಜಾಂಚಿ

1999ರ ಜೂನ್ 14, ಸೋಮವಾರ. ಚೆನ್ನೈಯಲ್ಲಿ ಬಿಸಿಲು. ಸಂಜೆ ಬರಬೇಕಾದ ಸಮುದ್ರದ ಗಾಳಿ ಬರಲಿಲ್ಲ.

ಆ ಸಂಜೆ ಪೆರಂಬೂರಿನ ಒಂದು ಸಸ್ಯಾಹಾರಿ ಹೋಟೆಲಿನ ಮಹಡಿಯಲ್ಲಿ ನನ್ನನ್ನು ಫುಟ್‌ಬಾಲ್ ಕ್ಲಬ್ಬೊಂದರ ಖಜಾಂಚಿ ಮಾಡಿದರು. ನಾಲ್ಕನೇ ಡಿವಿಷನ್ನಿನ ಸಣ್ಣ ಕ್ಲಬ್ಬು. ಇಂಥ ಕ್ಲಬ್ಬುಗಳಲ್ಲಿ ನಾನು ಮುಂದೆ ಹೇಳುವಂಥ ಸಂಗತಿಗಳು ನಡೆಯುತ್ತಲೇ ಇರುತ್ತವೆ. ದೊಡ್ಡ ಕ್ಲಬ್ಬುಗಳಲ್ಲೂ ನಡೆಯುತ್ತವೆಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಅಲ್ಲಿ ಅದನ್ನು ಹೂಡಿಕೆ ಎನ್ನುತ್ತಾರೆ.

1. ಆಯ್ಕೆ

ಕ್ಲಬ್ಬಿನ ಅಧ್ಯಕ್ಷರು ಆ ಹೋಟೆಲಿನ ಮಾಲೀಕರು, ಕುಂದಾಪುರದ ಕಡೆಯವರು. ಕೋಚ್ ತಮಿಳರು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ನುಂಗಂಬಾಕ್ಕಮ್ಮಿನ ಒಂದು ವಿಮಾ ಕಚೇರಿಯ ಗುಮಾಸ್ತ. ವಾರಕ್ಕೆ ಮೂರು ದಿನ ಆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ, ಮೂಲೆಯ ಮೇಜಿನಲ್ಲಿ ಪುಸ್ತಕ ಓದುತ್ತಿದ್ದೆ. ಕ್ಲಬ್ಬಿಗೂ ನನಗೂ ಇದ್ದ ಸಂಬಂಧ ಅಷ್ಟೇ.

"ನಂಗೆ ಫುಟ್‌ಬಾಲ್ ಗೊತ್ತಿಲ್ಲ" ಎಂದೆ.

"ಎಂತ ಮಾರಾಯ್ರೆ, ನಂಗೆ ಗೊತ್ತುಂಟಾ?" ಎಂದರು ಅಧ್ಯಕ್ಷರು. "ನೀವು ಮಾತಾಡುವುದು ಕಮ್ಮಿ. ಮಾತು ಕಮ್ಮಿ ಇದ್ದವರ ಹತ್ರ ದುಡ್ಡು ಭದ್ರ ಇರ್ತದೆ."

ದುಡ್ಡೆಲ್ಲಿದೆ ಎಂದು ಕೇಳಿದೆ. ಹಳೆಯ ಖಜಾಂಚಿ ಬಿಟ್ಟುಹೋದ ಡಬ್ಬಿಯನ್ನು ತಂದು ಮುಂದಿಟ್ಟರು. ಅದರಲ್ಲಿ ಒಂದು ಸೀಟಿಯೂ ಹಳೆಯ ಖಜಾಂಚಿಯ ರಾಜೀನಾಮೆ ಪತ್ರವೂ ಇದ್ದವು.

2. ಸಗಟು ದರ

ಅಧ್ಯಕ್ಷರು ಮೂವತ್ತು ವರ್ಷ ಹೋಟೆಲು ನಡೆಸಿದವರು. ಈರುಳ್ಳಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವನನ್ನು ಕಂಡರೆ ಅವರಿಗೆ ಮರುಕ. ಕೋಚು ನಾಲ್ಕು ಬಾಲು ಬೇಕೆಂದರು. ಅಧ್ಯಕ್ಷರು ಉತ್ತರ ಭಾರತದ ಯಾವುದೋ ಊರಿಗೆ ಫೋನ್ ಮಾಡಿ ದರ ವಿಚಾರಿಸಿದರು. ಹನ್ನೆರಡು ಡಜನ್ ಕೊಂಡರೆ ಒಂದೊಂದಕ್ಕೆ ಇಪ್ಪತ್ತೆರಡು ರೂಪಾಯಿ ಕಡಿಮೆ ಎಂದು ತಿಳಿಯಿತು. ನೂರ ನಲವತ್ತನಾಲ್ಕು ಬಾಲು ಲಾರಿಯಲ್ಲಿ ಬಂದವು.

"ಹಾಳಾಗುವ ಸಾಮಾನಲ್ಲವಲ್ಲ!" ಎಂದರು ನನ್ನ ಮುಖ ನೋಡಿ.

ಬಾಲುಗಳನ್ನು ಹೋಟೆಲಿನ ಉಗ್ರಾಣದಲ್ಲಿ, ಅಕ್ಕಿಮೂಟೆಗಳ ಮೇಲೆ ಇಟ್ಟರು. ಉಗ್ರಾಣದ ಸಾಮಾನನ್ನು ಅಧ್ಯಕ್ಷರು ಪ್ರತಿ ಅಮಾವಾಸ್ಯೆಗೆ ಎಣಿಸುವ ಪದ್ಧತಿ. ಮೂರನೆಯ ಅಮಾವಾಸ್ಯೆಗೆ ಎಣಿಸಿದರು. ಅಕ್ಕಿ ಮೂರು ಸಲ ಮುಗಿದು ಮೂರು ಸಲ ಬಂದಿತ್ತು. ಬಾಲು ನೂರ ನಲವತ್ತೊಂದು ಇದ್ದವು. ಕೋಚನ್ನು ಕರೆಸಿದರು.

"ದಿನಕ್ಕೆ ಎಷ್ಟು ಬಾಲು ಖರ್ಚಾಗ್ತದೆ?"

"ಖರ್ಚಾಗಲ್ಲ ಸಾರ್. ಅದನ್ನೇ ಒದೀತೀವಿ."

ಅಧ್ಯಕ್ಷರು ತಲೆ ಅಲ್ಲಾಡಿಸಿದರು. "ಹಾಗಾದ್ರೆ ನಿಮ್ಮ ಹುಡುಗರು ಸರಿಯಾಗಿ ಆಡ್ತಾ ಇಲ್ಲ."

3. ಮೀನು

ಆಮೇಲೆ ಗೋಲು ಹೊಡೆಯಲು ಒಬ್ಬರು ಬೇಕೆನ್ನಿಸಿತು. ಕೊಲ್ಕತ್ತದಿಂದ ಒಬ್ಬ ಆಟಗಾರನನ್ನು ಕರೆಸಿದರು. ತಿಂಗಳಿಗೆ ಎಂಟು ಸಾವಿರ, ಊಟ ಹೋಟೆಲಿನಲ್ಲಿ. ಬಹಳ ಮರ್ಯಾದಸ್ಥ ಮನುಷ್ಯ. ಮೂರು ದಿನ ಎರಡು ಹೊತ್ತು ಅನ್ನ ಸಾರು ಉಂಡ. ನಾಲ್ಕನೆಯ ದಿನ ಕೈಮುಗಿದು ಮೀನಿಲ್ಲದೆ ಕಾಲು ಏಳುವುದಿಲ್ಲ ಎಂದ.

ಆ ಹೋಟೆಲಿನೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಅಧ್ಯಕ್ಷರು ಒಂದು ರಾತ್ರಿ ಯೋಚಿಸಿ ಅವನಿಗೆ ಬೇರೆ ಮನೆ ಹಿಡಿದರು. ಚೆನ್ನೈಯಲ್ಲಿ ಮನೆ ಹಿಡಿಯುವುದೆಂದರೆ ಹತ್ತು ತಿಂಗಳ ಬಾಡಿಗೆ ಮುಂಗಡ. ಮನೆ ಬಂದ ಮೇಲೆ ಅಡುಗೆಯವಳು ಬಂದಳು. ಅಡುಗೆಯವಳು ಬಂದ ಮೇಲೆ ಹಳೆಯ ಫ್ರಿಜ್ ಬಂತು. ಬಂದರಿನಿಂದ ಮೀನು ತರಲು ದಿನಾ ಬೆಳಿಗ್ಗೆ ಒಂದು ಆಟೋ ಹೋಗತೊಡಗಿತು. ನಾನು ಇದನ್ನೆಲ್ಲ ಯಾವ ತಲೆಬರಹದಡಿ ಬರೆಯಲಿ ಎಂದು ಕೇಳಿದೆ. "ಕ್ರೀಡಾ ಸಾಮಗ್ರಿ" ಎಂದರು.

ಸೀಸನ್ನಿನಲ್ಲಿ ಅವನು ಹೊಡೆದದ್ದು ಎರಡು ಗೋಲು. ಖರ್ಚನ್ನು ಭಾಗಿಸಿ ನೋಡಿದೆ. ಒಂದು ಗೋಲಿನ ಬೆಲೆಗೆ ಹೊಸ ಸ್ಕೂಟರ್ ಬರುತ್ತಿತ್ತು. ಅದರಲ್ಲೂ ಒಂದು, ಹೆಡ್ ಮಾಡಲು ಹೋಗಿ ನಮ್ಮದೇ ಗೋಲಿನೊಳಗೆ ಹಾಕಿದ್ದು.

ಅಧ್ಯಕ್ಷರಿಗೆ ಇದನ್ನು ವಿವರಿಸಿದೆ. ಗಂಭೀರವಾಗಿ ಕೇಳಿಸಿಕೊಂಡರು.

"ಹಾಗಾದ್ರೆ ಆ ಗೋಲಿನ ಲಾಭ ಅವರಿಗಾಯ್ತಲ್ಲ. ಮೀನಿನ ಖರ್ಚು ಅರ್ಧ ಅವರು ಕೊಡಬೇಕಲ್ವಾ? ಒಂದು ಕಾಗದ ಬರೀರಿ."

ಬರೆಯುತ್ತೇನೆ ಎಂದೆ. ಬರೆಯಲಿಲ್ಲ.

4. ಉಳಿತಾಯ

ಅಕ್ಟೋಬರಿನಲ್ಲಿ ಅಧ್ಯಕ್ಷರು ಗಾಬರಿಯಾಗಿ ಖರ್ಚು ಕಡಿತ ಘೋಷಿಸಿದರು. ಹಾಫ್‌ಟೈಮಿನಲ್ಲಿ ಆಟಗಾರರಿಗೆ ತಲಾ ಅರ್ಧ ನಿಂಬೆಹಣ್ಣು ಕೊಡುತ್ತಿದ್ದೆವು. ಇನ್ನು ಮುಂದೆ ಕಾಲು. ಮ್ಯಾಚಿಗೆ ನಾಲ್ಕು ರೂಪಾಯಿ ಉಳಿಯಿತು. ಆಟಗಾರರಿಗೆ ವಿಷಯ ತಿಳಿಯಲೆಂದು ಪೇಂಟರನ್ನು ಕರೆಸಿ ಎರಡು ಭಾಷೆಯಲ್ಲಿ ಬೋರ್ಡು ಬರೆಸಿದರು. ಆರುನೂರ ಐವತ್ತು.

5. ಹೌಸ್‌ಫುಲ್

ಇಲ್ಲಿಯವರೆಗೆ ನಗುವವರ ಸಾಲಿನಲ್ಲಿ ನಾನೂ ಇದ್ದೆ. ಇಲ್ಲಿಂದ ಮುಂದೆ ಇರಲಿಲ್ಲ.

ನಷ್ಟ ತುಂಬಲು ಟಿಕೆಟ್ ಇಟ್ಟು ಒಂದು ಪ್ರದರ್ಶನ ಪಂದ್ಯ ನಡೆಸುವುದೆಂದು ತೀರ್ಮಾನವಾಯಿತು. ಮೈದಾನದ ಸುತ್ತ ಸರ್ವೆ ಮರದ ಕಂಬ ನೆಟ್ಟು ಒಂದು ಸಾವಿರ ಜನ ಕೂರುವ ಗ್ಯಾಲರಿ ಕಟ್ಟಬೇಕು. ಪೆರಂಬೂರಿನ ಒಬ್ಬ ಪೆಂಡಾಲ್ ಕಾಂಟ್ರಾಕ್ಟರು ನಲವತ್ತು ಸಾವಿರ ಎಂದ. ಹಣ ಪಂದ್ಯದ ಮರುದಿನ ಕೊಟ್ಟರೆ ಸಾಕು, ಆದರೆ ಛಾಪಾ ಕಾಗದದ ಮೇಲೆ ಒಬ್ಬರು ಜಾಮೀನು ಸಹಿ ಹಾಕಬೇಕು.

ಅಧ್ಯಕ್ಷರು ಪೆನ್ನು ತೆಗೆದರು. ಕಾಂಟ್ರಾಕ್ಟರು ಬೇಡವೆಂದ.

"ನಿಮ್ಮ ಸೈನು ಊರೆಲ್ಲ ಇದೆ ಅಣ್ಣಾಚ್ಚಿ. ಈ ಸಾರ್‌ದು ಎಲ್ಲೂ ಇಲ್ಲ. ಇವರದೇ ಇರಲಿ."

ನಾನು ಹಾಕಿದೆ. ಬೇಡ ಎನ್ನಲು ಒಂದು ಮಾತಾಡಬೇಕಿತ್ತು.

ಹೆಂಡತಿಗೆ ಹೇಳಲಿಲ್ಲ. ಬ್ಯಾಂಕಿನಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಐವತ್ತು ಸಾವಿರದ ಒಂದು ಡಿಪಾಸಿಟ್ ಇತ್ತು. ವಿಲ್ಲಿವಾಕ್ಕಮ್ಮಿನಲ್ಲಿ ಒಂದು ಸಣ್ಣ ಫ್ಲ್ಯಾಟಿಗೆ ಮುಂಗಡ ಕೊಡಲು ನನ್ನ ಹೆಂಡತಿ ಆರು ವರ್ಷ ಕೂಡಿಟ್ಟದ್ದು. ಅಡುಗೆಮನೆಗೆ ಯಾವ ಕಡೆ ಕಿಟಕಿ, ಮಗಳು ಓದಲು ಯಾವ ಮೂಲೆ ಎಂಬುದು ಕೂಡ ಅವಳ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ಪಂದ್ಯಕ್ಕೆ ಪ್ರಚಾರ ಬೇಕಲ್ಲ. ಅಧ್ಯಕ್ಷರಿಗೆ ಗೊತ್ತಿದ್ದ ಪ್ರಚಾರ ಹೋಟೆಲಿನದು. ಪಂದ್ಯಕ್ಕೆ ಮುಂಚಿನ ಹತ್ತು ದಿನ, ಪ್ರತಿ ಫುಲ್ ಮೀಲ್ಸಿನ ಬಿಲ್ಲಿನ ಜೊತೆ ಒಂದು ಉಚಿತ ಪಾಸು ಕೊಡಿಸಿದರು. ದಿನಕ್ಕೆ ನೂರಿಪ್ಪತ್ತು ಊಟ. ನನಗಿದು ಪಂದ್ಯದ ದಿನ ತಿಳಿಯಿತು. ಮೂರು ಗಂಟೆಗೆ ಗ್ಯಾಲರಿ ಕಿಕ್ಕಿರಿದು ತುಂಬಿತ್ತು. ಕೈಯಲ್ಲಿ ಸೀಲು ಹೊಡೆದ ಪಾಸು, ಬಾಯಲ್ಲಿ ಬೀಡಾ. ಅಧ್ಯಕ್ಷರು ನನ್ನ ಕೈ ಹಿಡಿದು ಕುಲುಕಿದರು.

"ಹೌಸ್‌ಫುಲ್, ಮಾರಾಯ್ರೆ! ಹೌಸ್‌ಫುಲ್!"

ದುಡ್ಡು ಕೊಟ್ಟು ಟಿಕೆಟ್ ಕೊಂಡವರು ಇಪ್ಪತ್ತು ಮಂದಿ. ಅವರಿಗೆ ಕೂರಲು ಜಾಗವಿರಲಿಲ್ಲ. ಗೇಟಿಗೆ ಬಂದು ಜಗಳವಾಡಿದರು. ಹದಿನೆಂಟು ಮಂದಿಗೆ ಹಣ ಹಿಂದಿರುಗಿಸಿದೆ.

"ಇನ್ನಿಬ್ಬರು ಯಾಕೆ ಕೇಳಲಿಲ್ಲ?" ಎಂದು ಕೋಚನ್ನು ಕೇಳಿದೆ.

ಕೋಚು ಮೇಲೆ ಕೈ ತೋರಿಸಿದರು. ಇಬ್ಬರೂ ಕಂಬ ಹತ್ತಿ ಕೂತಿದ್ದರು.

6. ಶುಕ್ರವಾರದ ಅತಿಥಿ

ಅಂದಿನಿಂದ ಪ್ರತಿ ಶುಕ್ರವಾರ ಹನ್ನೊಂದು ಗಂಟೆಗೆ ಕಾಂಟ್ರಾಕ್ಟರು ನನ್ನ ಕಚೇರಿಗೆ ಬರತೊಡಗಿದ. ಗಲಾಟೆ ಇಲ್ಲ, ಬೆದರಿಕೆ ಇಲ್ಲ. ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದ. ನಾನು ಟೀ ತರಿಸುತ್ತಿದ್ದೆ. ಕುಡಿದು, ಜೇಬಿನ ಛಾಪಾ ಕಾಗದವನ್ನು ಒಮ್ಮೆ ಮುಟ್ಟಿಕೊಂಡು ಹೋಗುತ್ತಿದ್ದ. ಏಳನೆಯ ಶುಕ್ರವಾರ ನಮ್ಮ ಮ್ಯಾನೇಜರು ನನ್ನನ್ನು ಕರೆದರು.

"ಏನ್ರೀ, ಆ ಮನುಷ್ಯ ತಪ್ಪದೆ ಬರ್ತಾನೆ. ಇನ್ನೂ ಒಂದು ಪಾಲಿಸಿ ಮಾಡಿಸೋಕೆ ಆಗಲಿಲ್ವಾ ನಿಮಗೆ?"

7. ಮದುವೆ

ಸೀಸನ್ ಮುಗಿಯಿತು. ನಾವು ಐದನೇ ಡಿವಿಷನ್ನಿಗೆ ಇಳಿದೆವು. ಅದರ ಕೆಳಗೆ ಬೇರೆ ಡಿವಿಷನ್ ಇರಲಿಲ್ಲ ಎಂಬುದೊಂದು ಸಮಾಧಾನ. ಕೊಲ್ಕತ್ತದ ಆಟಗಾರ ಎಲ್ಲರ ಕೈಕುಲುಕಿ ರೈಲು ಹತ್ತಿದ. ಡಿಪಾಸಿಟ್ಟಿನ ವಾಯಿದೆ ಫೆಬ್ರವರಿ ಕೊನೆಗೆ ಮುಗಿಯುವುದಿತ್ತು. ಹೆಂಡತಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅರಿಶಿನದ ಬೊಟ್ಟು ಇಟ್ಟಿದ್ದಳು. ಅದನ್ನು ನೋಡದೆ ಕಾಫಿ ಕುಡಿಯಲು ನಾನು ಕುರ್ಚಿಯ ದಿಕ್ಕು ಬದಲಿಸಿಕೊಂಡೆ.

ಜನವರಿಯ ಒಂದು ಶುಕ್ರವಾರ ಕಾಂಟ್ರಾಕ್ಟರು ಟೀ ಕುಡಿದು ಜೇಬಿಗೆ ಕೈಹಾಕಿದ. ತೆಗೆದದ್ದು ಛಾಪಾ ಕಾಗದವಲ್ಲ, ಲಗ್ನಪತ್ರಿಕೆ.

"ಮಗಳ ಮದುವೆ ಸಾರ್. ಈಗ ದುಡ್ಡು ಬೇಕೇ ಬೇಕು."

ಅವನನ್ನು ನೇರವಾಗಿ ಅಧ್ಯಕ್ಷರ ಬಳಿ ಕರೆದುಕೊಂಡು ಹೋದೆ. ಆ ದಾರಿಯಲ್ಲಿ ನಾನು ಮಾತಾಡಿದಷ್ಟು ಹಿಂದಿನ ವರ್ಷವೆಲ್ಲ ಮಾತಾಡಿರಲಿಲ್ಲ. ಅಧ್ಯಕ್ಷರು ಗಲ್ಲಾಪೆಟ್ಟಿಗೆ ತೆರೆದು ತೋರಿಸಿದರು. ಚಿಲ್ಲರೆ ಇತ್ತು.

"ದುಡ್ಡಿಲ್ಲ. ಊಟ ಉಂಟು. ಎಷ್ಟು ಎಲೆ?"

"ಎಂಟುನೂರು" ಎಂದ ಕಾಂಟ್ರಾಕ್ಟರು.

"ಎರಡು ಪಾಯಸ, ಮೂರು ಪಲ್ಯ, ಹೋಳಿಗೆ. ಬಡಿಸುವ ಜನ ನನ್ನವರೇ. ಆಯ್ತಾ?"

ಕಾಂಟ್ರಾಕ್ಟರು ಬೆರಳು ಮಡಚಿ ಲೆಕ್ಕ ಹಾಕಿದ. ಬೆರಳು ಬಿಚ್ಚಿದ. ಮತ್ತೆ ಮಡಚಿದ. "ಪಾಯಸದಲ್ಲಿ ಗೋಡಂಬಿ ಕಾಣಬೇಕು" ಎಂದ. ಛಾಪಾ ಕಾಗದವನ್ನು ಎಲೆಗೆ ಪಾಯಸ ಬಿದ್ದ ಮೇಲೆ ಕೊಡುವುದೆಂದು ಮಾತಾಯಿತು.

ಮದುವೆಗೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಕವರಿನಲ್ಲಿ ನೂರ ಒಂದು ರೂಪಾಯಿ ಇಟ್ಟಿದ್ದೆ. ಅವಳು ಮೊದಲ ಪಂಕ್ತಿಗೆ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದೊಂದು ಎಲೆಗೂ ಗೋಡಂಬಿ ಬಿತ್ತೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಮಂಟಪದ ಪಕ್ಕದಲ್ಲಿ ಮೈಕು ಗೊರಗೊರ ಎಂದಿತು. ತಮಿಳರಲ್ಲಿ ಮದುವೆಗೆ ಬಂದ ಮುಯ್ಯಿಯನ್ನು ಮೊಯ್ ಎನ್ನುತ್ತಾರೆ. ಅದನ್ನು ಹೆಣ್ಣಿನ ಸೋದರಮಾವ ಪುಸ್ತಕದಲ್ಲಿ ಬರೆದು, ಎಲ್ಲರಿಗೂ ಕೇಳುವಂತೆ ಓದುತ್ತಾನೆ. ಇನ್ನೂರು, ಐನೂರು, ಬೆಳ್ಳಿ ಕುಂಕುಮದ ಬಟ್ಟಲು. ಆಮೇಲೆ:

"ಫುಟ್‌ಬಾಲ್ ಕ್ಲಬ್ ಖಜಾಂಚಿ ಸಾರ್! ನಾಪ್ಪದಾಯಿರಂ ರೂಬಾಯ್!"

ನಲವತ್ತು ಸಾವಿರ. ನಾದಸ್ವರದವರು ಒಂದು ಕ್ಷಣ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಪಂಕ್ತಿಯಲ್ಲಿ ನನ್ನ ಹೆಂಡತಿಯ ಕೈ ಪಾಯಸದ ಮೇಲೆ ನಿಂತಿತು. ಹತ್ತು ವರ್ಷ ಚೆನ್ನೈಯಲ್ಲಿ ತರಕಾರಿ ಕೊಂಡವಳಿಗೆ ತಮಿಳಿನ ಅಂಕಿಗಳು ಚೆನ್ನಾಗಿ ಗೊತ್ತು.

ಓಡಿಹೋಗಿ ಕಾಂಟ್ರಾಕ್ಟರನ್ನು ಹಿಡಿದೆ. "ಏನಯ್ಯಾ ಇದು?"

"ಕೋಪ ಮಾಡ್ಕೋಬೇಡಿ ಸಾರ್. ನನ್ನ ದುಡ್ಡು ಫುಟ್‌ಬಾಲ್‌ನವರು ಮುಳುಗಿಸಿದ್ರು ಅಂತ ಬೀಗರಿಗೆಲ್ಲ ಗೊತ್ತಾಗಿದೆ. ಮುಳುಗಿತು ಅಂದ್ರೆ ಮಾನ ಹೋಗುತ್ತೆ. ಮೊಯ್ ಬಂತು ಅಂದ್ರೆ ಮಾನ ಬರುತ್ತೆ."

"ಬಂದ ಮೊಯ್ ನೀನು ನಮ್ಮ ಮನೆ ಮದುವೆಗೆ ತಿರುಗಿ ಇಡಬೇಕಲ್ಲ?"

"ಧಾರಾಳವಾಗಿ ಇಡ್ತೀನಿ ಸಾರ್. ಪುಸ್ತಕದಲ್ಲಿ ಬರೆದಿರೋದು ಕ್ಲಬ್ಬಿನ ಹೆಸರು. ನಿಮ್ಮ ಕ್ಲಬ್ಬಿಗೆ ಮದುವೆ ಆಗಲಿ, ಮೊದಲ ಮೊಯ್ ನಂದೇ."

ಅಷ್ಟು ಹೇಳಿ ಛಾಪಾ ಕಾಗದವನ್ನು ನನ್ನ ಕೈಗಿಟ್ಟ. ಅಲ್ಲೇ ನಾಲ್ಕು ತುಂಡು ಮಾಡಿದೆ. ಮತ್ತೆ ಎಂಟು ಮಾಡಿದೆ. ತಿರುಗಿ ನೋಡಿದರೆ ಹೆಂಡತಿ ಎಂಜಲು ಕೈಯಲ್ಲೇ ನಿಂತಿದ್ದಳು.

"ರೀ. ನಮ್ಮ ಫ್ಲ್ಯಾಟು?"

"ಇದೆ" ಎಂದೆ. "ಡಿಪಾಸಿಟ್ ಹಾಗೇ ಇದೆ."

ಆಮೇಲೆ ಅಲ್ಲೇ, ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ, ಸಹಿಯಿಂದ ಹಿಡಿದು ಗೋಡಂಬಿಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಕೈ ತೊಳೆದುಕೊಂಡಳು. ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು.

"ಅದೆಲ್ಲ ಇರ್ಲಿ. ನಮ್ಮ ಕೈಯಿಂದ ಒಟ್ಟು ಎಷ್ಟು ಹೋಯ್ತು? ಸರಿಯಾಗಿ ಹೇಳಿ."

ಜೇಬಿನಿಂದ ಕವರು ತೆಗೆದು ತೋರಿಸಿದೆ. "ನೂರ ಒಂದು. ಅದೂ ಇನ್ನೂ ಕೊಟ್ಟಿಲ್ಲ."

ಕವರನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳು ಮೈಕಿನ ಕಡೆ ಹೊರಟಳು.

"ಕೊಡೋಣ, ಪಾಪ. ಆದ್ರೆ ಕ್ಲಬ್ಬಿನ ಹೆಸರಲ್ಲಿ ಬೇಡ. ನಮ್ಮ ಮಗಳ ಹೆಸರಲ್ಲಿ ಬರೆಸ್ತೀನಿ. ಅವಳಿಗಾದ್ರೂ ಮದುವೆ ಆಗುತ್ತೆ."