ಒಂದು ಗಾಡಿ ತಪ್ಪಿದರೆ ಮಹಾಬಳೇಶ್ವರ

ಬೆಟ್ಟ ತೋರಿಸಲೆಂದು ನಾನು ಜನರನ್ನು ಕರೆದುಕೊಂಡು ಹೋಗುತ್ತೇನೆ. ಅವರು ಬೆಟ್ಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿಕೊಂಡು ಬರುತ್ತಾರೆ. ಒಂದು ಸಲವಾದರೆ ಸರಿ, ಪ್ರತಿ ಸಲವೂ ಇದೇ ಹಣೆಬರಹ.

ಪುಣೆಯ ಪ್ರವಾಸ ಕಂಪನಿಯೊಂದರಲ್ಲಿ ನಾನು ಟೂರ್ ಮ್ಯಾನೇಜರ್. ವರ್ಷಗಟ್ಟಲೆ ಮಹಾಬಳೇಶ್ವರದ ಘಾಟಿನಲ್ಲಿ ಬಸ್ಸಿನ ತುಂಬ ವಾಂತಿ ಚೀಲ ಹಂಚಿದ ಮೇಲೆ ಕೊನೆಗೂ ಸ್ವಿಟ್ಜರ್ಲೆಂಡ್ ಸಿಕ್ಕಿತು. ಗುಂಪಿನವರೆಲ್ಲ ಪುಣೆಯ ಕನ್ನಡದವರು, ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನನ್ನ ಅರ್ಹತೆ ಅಷ್ಟೇ. ಹೊರಡುವ ದಿನ ನಮ್ಮ ಸಾಹೇಬರು ಬೆರಳೆತ್ತಿ, "ಏಕ್ ಜರೀ ಗಾಡಿ ಚುಕಲೀ, ತರ್ ಪರತ್ ಮಹಾಬಳೇಶ್ವರ!" ಎಂದರು. ಅಲ್ಲಿಯ ರೈಲು ಯಾರಿಗೂ ಕಾಯುವುದಿಲ್ಲ; ಒಂದೇ ಒಂದು ತಪ್ಪಿದರೂ ನನಗೆ ಮತ್ತೆ ವಾಂತಿ ಚೀಲ. ಛತ್ರಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ ಬಾವುಟ ಮಾಡಿಕೊಂಡು, ಮನೆದೇವರಿಗೆ ಕೈಮುಗಿದು ವಿಮಾನ ಹತ್ತಿದೆ.

ಹಲ್ಲು ನೋಡಿದವರು

ಮೊದಲಿಗೆ ಹಲ್ಲಿನ ಚಕ್ರದ ರೈಲು. ಹಳಿಯ ನಡುವೆ ಹಲ್ಲುಹಲ್ಲಿನ ಕಬ್ಬಿಣದ ಪಟ್ಟಿ, ಅದನ್ನು ಕಚ್ಚಿಕೊಂಡು ಗಾಡಿ ಗೋಡೆಯಂಥ ಬೆಟ್ಟ ಏರುತ್ತದೆ. ಮೇಲೆ ತಲುಪಿದರೆ ಸುತ್ತೆಲ್ಲ ಹಿಮ. ಗುಂಪಿನಲ್ಲೇ ಹಿರಿಯರಾದ, ಎಲ್ಲರೂ ಕಾಕು ಎಂದು ಕರೆಯುವ ನಿಗಡಿಯ ಅಜ್ಜಿ ಕೈ ಕೆನ್ನೆಗಿಟ್ಟುಕೊಂಡು, "ಅಯ್ಯ ಶಿವನ, ಯಾರೋ ಚೀಲಗಟ್ಲೆ ರವಾ ಚೆಲ್ಲಿದಂಗ ಅದಲ್ಲ!" ಎಂದರು. ನನ್ನ ಕಣ್ಣೂ ತುಂಬಿ ಬಂತು. ಬದುಕಿನಲ್ಲಿ ಮೊದಲ ಹಿಮ, ಸುಳ್ಳು ಯಾಕೆ ಹೇಳಲಿ.

ಆದರೆ ಇಳಿಯುವ ಗಾಡಿಗೆ ಹೊತ್ತಾದಾಗ ಗುಂಪಿನಲ್ಲಿದ್ದ ಭೋಸರಿಯ ಕಾರ್ಖಾನೆಯವರೊಬ್ಬರು ಕಾಣಿಸಲಿಲ್ಲ. ಅವರದು ಗಿಯರ್ ತಯಾರಿಸುವ ಕಾರ್ಖಾನೆ. ನನ್ನ ಎದೆ ಮಹಾಬಳೇಶ್ವರ, ಮಹಾಬಳೇಶ್ವರ ಎಂದು ಬಡಿದುಕೊಳ್ಳತೊಡಗಿತು. ಹುಡುಕಿದರೆ, ಸ್ಟೇಷನ್ನಿನ ಅಂಗಳದಲ್ಲಿ ನೋಡಲೆಂದು ಇಟ್ಟಿದ್ದ ಹಳೆಯ ಚಕ್ರವೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಒಬ್ಬ ರೈಲ್ವೆಯವನೂ ಕೂತಿದ್ದಾನೆ. ಇವರದು ಕನ್ನಡ, ಅವನದು ಜರ್ಮನ್. ಜಗಳ ಮಾತ್ರ ಇಬ್ಬರಿಗೂ ಸ್ಪಷ್ಟ.

"ನಾಲ್ಕು ಹಲ್ಲು ಸವದಾವ ಮ್ಯಾಡಂ. ಇವಾ ಒಪ್ಪವಲ್ಲ."

"ಹಿಂದ ತಿರುಗಿ ನೋಡ್ರಿ, ಆಲ್ಪ್ಸ್ ಪರ್ವತ!"

"ಅದು ಎಲ್ಲಿ ಓಡಿ ಹೋಗತದರಿ, ಇರಲಿ."

ಅವರ ಹೆಂಡತಿ ಓಡಿಬಂದು ತೋಳು ಹಿಡಿದೆಳೆದರು. "ಮದುವಿ ಆಗಿ ಇಷ್ಟ್ ವರ್ಷ ಆತು ತಂಗಿ, ನನ್ನ ಮಾರಿ ಇಷ್ಟ್ ಹತ್ತರ ಬಂದು ಒಂದಿನಾನೂ ನೋಡಿಲ್ಲ ಇವರು."

ಕಾರ್ಖಾನೆಯವರು ಮೊಣಕಾಲು ಝಾಡಿಸಿಕೊಂಡು ಎದ್ದರು. "ನಿನ್ನ ಹಲ್ಲು ಇನ್ನೂ ಸವದಿಲ್ಲಲ್ಲ!"

ಟೇಬಲ್ ಖಾಲಿ ಮಾಡಿಸಿದವರು

ಗುಂಪಿನಲ್ಲಿ ಚಿಂಚವಡದಲ್ಲಿ ಹೋಟೆಲು ನಡೆಸುವ ಕರಾವಳಿಯವರೊಬ್ಬರಿದ್ದರು. ಕೆರೆಯ ದಂಡೆಯ ರೆಸ್ಟೋರೆಂಟಿನಲ್ಲಿ ಊಟ. ಎದುರಿಗೆ ನೀಲಿ ನೀರು, ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿದೆ. ಹೋಟೆಲಿನವರು ಕೆರೆಗೆ ಬೆನ್ನು ಹಾಕಿ ಕೂತು ಒಳಗಿನ ಟೇಬಲ್ಲುಗಳನ್ನೇ ನೋಡುತ್ತಿದ್ದರು. ಅವರ ಮುಖ ಕೆಂಪಾಗುತ್ತಾ ಬಂತು.

"ಅಲ್ಲ ಮಾರಾಯ್ರೆ, ಆ ಇಬ್ಬರ ಊಟ ಮುಗಿದು ಎಷ್ಟು ಹೊತ್ತಾಯ್ತು! ಸುಮ್ಮನೆ ಕೂತಿದ್ದಾರೆ! ಬಾಗಿಲಲ್ಲಿ ಗಿರಾಕಿಗಳು ಕಾಯ್ತಾ ಇದ್ದಾರೆ, ಎಬ್ಬಿಸುವವರು ಯಾರೂ ಇಲ್ವಾ?"

"ಇಲ್ಲಿ ಯಾರೂ ಎಬ್ಬಿಸೋದಿಲ್ರಿ. ನೀವು ಕೆರಿ ನೋಡ್ರಿ," ಎಂದೆ.

ನಾನು ಕಾಕುವಿಗೆ ಮೊಸರು ಹುಡುಕಿ ತರುವಷ್ಟರಲ್ಲಿ ಕೈಮೀರಿತ್ತು. ಹೋಟೆಲಿನವರು ಎದ್ದುಹೋಗಿ ಆ ದಂಪತಿಗಳ ತಟ್ಟೆ ಎತ್ತಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಟೇಬಲ್ ಒರೆಸಿ, ನಮ್ಮ ಕಡೆಯ ಪದ್ಧತಿಯಂತೆ ಕುರ್ಚಿಯ ಹಿಂದೆ ನಿಂತುಬಿಟ್ಟಿದ್ದರು. ಆ ದಂಪತಿಗಳು ಏಳಲಿಲ್ಲ, ಇವರನ್ನೇ ವೇಟರ್ ಅಂದುಕೊಂಡು ಎರಡು ಕಾಫಿ ಹೇಳಿದರು. ಗಿರಾಕಿ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವುದು ನಮ್ಮ ಹೋಟೆಲಿನವರ ರಕ್ತದಲ್ಲೇ ಇಲ್ಲ. ತಂದುಕೊಟ್ಟರು. ಪಕ್ಕದ ಟೇಬಲ್ಲಿನವರೂ ಕೈಯೆತ್ತಿದರು.

ಗಾಡಿಗೆ ಹೊತ್ತಾಯಿತೆಂದು ನಾನು ಬಾವುಟ ಬೀಸಿದಾಗ ಅವರು ಅಲ್ಲಿಯ ಮ್ಯಾನೇಜರ್ ಜೊತೆ ಕೈಕುಲುಕುತ್ತಿದ್ದರು. ಓಡುತ್ತಾ ಬಂದು ಖುಷಿಯಿಂದ ಹೇಳಿದರು: "ನಾಳೆ ಸ್ವಲ್ಪ ಬೇಗ ಬರಬೇಕಂತೆ!"

ಕುಂಕುಮ

ಕೊನೆಯ ಊರು ಕಣಿವೆಯ ಒಂದು ಹಳ್ಳಿ. ಅಲ್ಲಿ ವಯಸ್ಸಾದ ಹೆಂಗಸೊಬ್ಬಳು ತನ್ನ ಮರದ ಮನೆಯಲ್ಲೇ ಪ್ರವಾಸಿಗಳನ್ನು ಇಳಿಸಿಕೊಳ್ಳುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆ ರೈಲು ಹಿಡಿದು ವಿಮಾನ ನಿಲ್ದಾಣಕ್ಕೆ. ಇಲ್ಲಿಯವರೆಗೆ ಒಂದು ಗಾಡಿಯೂ ತಪ್ಪಿರಲಿಲ್ಲ, ಉಳಿದದ್ದು ಇದೊಂದೇ. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡಾಗ ಕಾಕು ಮಾತ್ರ ಹೊಸ್ತಿಲ ಒಳಗೇ ನಿಂತರು.

"ಕುಂಕುಮ ಹಚ್ಚಿಸಿಕೊಳ್ಳದ ಹೆಣ್ಣುಮಕ್ಕಳು ಮನಿ ದಾಟಬಾರದು."

"ಕಾಕು, ಇದು ಹೋಟೆಲ್ರಿ! ಗಾಡಿ ತಪ್ಪತದ!"

"ಉಂಡೀವಿ, ಮಲಗೀವಿ. ಮನೀನ ಇದು. ಆಕಿಗೆ ಗೊತ್ತಿಲ್ಲಂದ್ರ ನಾ ಕಲಿಸ್ತೀನಿ ತಗೋ."

ತಮ್ಮ ಕುಂಕುಮದ ಡಬ್ಬಿಯನ್ನು ಮನೆಯೊಡತಿಯ ಕೈಗಿಟ್ಟು, ಅವಳ ಬೆರಳು ಹಿಡಿದು ಮೊದಲು ತಮ್ಮ ಹಣೆಗೆ ಹಚ್ಚಿಸಿಕೊಂಡರು. ಆಮೇಲೆ ನಮ್ಮನ್ನೆಲ್ಲ ತೋರಿಸಿ, ಒಬ್ಬ ಹೆಣ್ಣುಮಗಳನ್ನೂ ಬಿಡಬಾರದೆಂದು ಕೈಸನ್ನೆ ಮಾಡಿ ಹೇಳಿದರು. ಅವಳಿಗೆ ಎಂಥ ಖುಷಿ ಎನ್ನುತ್ತೀರಿ! ಹೆಂಗಸರಿಗೆ ಹಚ್ಚಿದಳು, ಗಂಡಸರಿಗೆ ಹಚ್ಚಿದಳು, ತನ್ನ ನಾಯಿಗೂ ಹಚ್ಚಿದಳು. ಸ್ಟೇಷನ್ ತನಕ ಕಳಿಸಿಕೊಡಲು ಡಬ್ಬಿ ಹಿಡಿದು ನಮ್ಮ ಹಿಂದೆಯೇ ಬಂದಳು.

ಗಾಡಿ ಬಂದು ನಿಂತಿತ್ತು. ಬಾವುಟವನ್ನು ಕಾಕುವಿನ ಕೈಗೆ ಕೊಟ್ಟು, ಒಬ್ಬೊಬ್ಬರನ್ನೇ ತಳ್ಳಿ ಹತ್ತಿಸಿದೆ, ಪೆಟ್ಟಿಗೆಗಳನ್ನೆಲ್ಲ ಒಳಗೆ ಎಸೆದೆ. ಎಲ್ಲರೂ ಬಂದರು! ಗೆದ್ದೆ ಎಂದುಕೊಂಡು ಮೆಟ್ಟಿಲ ಮೇಲೆ ಕಾಲಿಡಬೇಕು, ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದರು. ಮನೆಯೊಡತಿ. ಓಡಾಟದಲ್ಲಿ ನನ್ನೊಬ್ಬಳ ಹಣೆ ಖಾಲಿ ಉಳಿದಿತ್ತು. ಅವಳು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ನಾಲಿಗೆ ಕಚ್ಚಿ, ಬಲು ನಿಧಾನವಾಗಿ, ದುಂಡಗೆ ಹಚ್ಚಿದಳು. ನನ್ನ ಬೆನ್ನ ಹಿಂದೆ ಬಾಗಿಲು ಮುಚ್ಚಿ ಗಾಡಿ ಹೊರಟುಹೋಯಿತು.

ಫೋನ್ ಬಂತು. ಕಾಕು. "ಏನ ತಂಗಿ, ಗಾಡಿ ತಪ್ಪತದ, ಗಾಡಿ ತಪ್ಪತದ ಅಂತ ಎಲ್ಲಾರಿಗೂ ಒದರಿ, ನೀನ ತಪ್ಪಿಸಿದೆಲ್ಲ!"

ಮುಂದಿನ ಗಾಡಿಯಲ್ಲಿ ಅಳುತ್ತಾ ಹೋದೆ. ನಡುವೆ ಗಾಡಿ ಬದಲಿಸಬೇಕಿತ್ತು, ಇವರು ಯಾವ ದೇಶಕ್ಕೆ ಹೋಗಿ ಇಳಿದಿರುತ್ತಾರೋ! ನೋಡಿದರೆ, ವಿಮಾನ ನಿಲ್ದಾಣದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ, ಮುಂದೆ ಬಾವುಟ ಹಿಡಿದ ಕಾಕು. ಗಾಡಿ ಬದಲಿಸುವ ಸ್ಟೇಷನ್ ಇನ್ನೂ ದೂರವಿರುವಾಗಲೇ ಹೋಟೆಲಿನವರು ಎಲ್ಲರನ್ನೂ ಸೀಟಿನಿಂದ ಎಬ್ಬಿಸಿ ಬಾಗಿಲಿಗೆ ನಿಲ್ಲಿಸಿದ್ದರಂತೆ.

ಪುಣೆಯಲ್ಲಿ ಸಾಹೇಬರು ಹಾರ ಹಿಡಿದು ಕಾಯುತ್ತಿದ್ದರು. ಯಾರೂ ಬಾಯಿ ಬಿಡಬಾರದೆಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಗಾಡಿ ಏನಾದರೂ ತಪ್ಪಿತೇ ಎಂದು ಅವರು ಕೇಳಿದ್ದೇ ತಡ, ಕಾಕು ನನ್ನ ಬೆನ್ನು ಸವರುತ್ತಾ ಮರಾಠಿಯಲ್ಲಿ ನನ್ನ ಪರ ವಕಾಲತ್ತಿಗೆ ನಿಂತರು: ಛೇ ಛೇ, ಈ ಹುಡುಗಿ ನಮ್ಮಲ್ಲಿ ಒಬ್ಬರದೂ ತಪ್ಪಿಸಲಿಲ್ಲ, ಪಾಪ, ತನ್ನದೊಂದೇ ತಪ್ಪಿಸಿಕೊಂಡಳು.

ಮುಂದಿನ ತಿಂಗಳ ಸ್ವಿಟ್ಜರ್ಲೆಂಡ್ ಗುಂಪಿನ ಜೊತೆ ನನ್ನ ಜಾಗದಲ್ಲಿ ಕಾಕು ಹೋಗುತ್ತಿದ್ದಾರೆ. ಛತ್ರಿ ಅವರ ಹತ್ತಿರವೇ ಇದೆ. ನಾನು ಇದನ್ನು ಬರೆಯುತ್ತಿರುವುದು ಮಹಾಬಳೇಶ್ವರದ ಘಾಟಿನಲ್ಲಿ. ಸ್ವಲ್ಪ ತಡೆಯಿರಿ, ಹಿಂದಿನ ಸೀಟಿನವರು ಚೀಲ ಕೇಳುತ್ತಿದ್ದಾರೆ.