ಖಾಲಿ ಪುಟ ಮಂಜೂರಾದ ಬಗೆ

ಬನಶಂಕರಿ ಎರಡನೇ ಹಂತದಲ್ಲಿರುವ ಸಾರ್ವಜನಿಕ ಲಿಫ್ಟ್ ತಂತ್ರಾಂಶ ನಿಗಮದಲ್ಲಿ ಅಧ್ಯಕ್ಷರ ಹೆಸರನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಆದರೂ ಕಳೆದ ಆಷಾಢದಲ್ಲಿ ಅದು ನಿಂತಿತು.

ನಿಗಮದ ಲಿಫ್ಟುಗಳು ಬಾಗಿಲು ತೆರೆದಾಗಲೆಲ್ಲ ಅಧ್ಯಕ್ಷ ಸಿದ್ದರಾಜು ಅವರ ಪರವಾಗಿ ಸ್ವಾಗತ ಕೋರುತ್ತವೆ. ಪ್ರತಿ ಸನ್ಮಾನದ ಮರುದಿನ ಹೆಸರಿನ ಹಿಂದೆ ಒಂದು ಬಿರುದು ಹೆಚ್ಚಾಗುತ್ತದೆ. ಹನ್ನೊಂದನೆಯದಾಗಿ 'ಮೇಲ್ಮಹಡಿ ಭೂಷಣ' ಸೇರಿದ ದಿನ ಲಿಫ್ಟುಗಳು "ಮೇಲ್ಮಹಡಿ ಭೂ" ಎಂದು ಬಾಯಿ ಮುಚ್ಚಿದವು.

ಕಂಪ್ಯೂಟರಿನ ತಳದಲ್ಲಿ ಕೂತು ಮಿಕ್ಕ ಪ್ರೋಗ್ರಾಮುಗಳಿಗೆ ಮೆಮೊರಿ ಹಂಚುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ತಪ್ಪು ಕರ್ನಲ್‌ನದು ಎಂದು ತಿಳಿದ ಅಧ್ಯಕ್ಷರು ಆ ಮಿಲಿಟರಿಯವರನ್ನು ಚೇಂಬರಿಗೆ ಕರೆಸಲು ಹೇಳಿದರು. ಅವರ ಬದಲು ಕರ್ನಲ್ ವಿಭಾಗದ ಮುಖ್ಯಸ್ಥೆ ಸತ್ಯಭಾಮಾ ಹೋದರು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅವರು ಯಾರಿಗೂ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಬಡ್ತಿಯೂ ಸಿಕ್ಕಿರಲಿಲ್ಲ.

"ಸಾರ್, ಪ್ರತಿ ಪ್ರೋಗ್ರಾಮಿಗೂ ಕೆಲಸ ಮಾಡೋಕೆ ಸ್ಟ್ಯಾಕ್ ಅಂತ ಎರಡು ಪುಟ ಮೆಮೊರಿ ಕೊಡ್ತೀವಿ. ಪಕ್ಕದಲ್ಲಿ ಒಂದು ಪುಟ ಖಾಲಿ ಬಿಡ್ತೀವಿ. ಗಡಿ ದಾಟಿ ಅಲ್ಲಿ ಕಾಲಿಟ್ಟವರನ್ನ ಕರ್ನಲ್ ಅಲ್ಲೇ ನಿಲ್ಲಿಸುತ್ತೆ. ನಿಮ್ಮ ಬಿರುದು ದಾಟ್ತು."

"ಏನು ಮಾಡ್ಬೇಕು ಅಂತೀರಿ?"

"ಒಂದೆರಡು ಬಿರುದು ತೆಗೆದ್ರೆ ಸರಿಹೋಗುತ್ತೆ, ಸಾರ್."

ಚೇಂಬರಿನಲ್ಲಿದ್ದವರೆಲ್ಲ ಫ್ಯಾನು ನೋಡಿದರು. ಲೆಕ್ಕಪರಿಶೋಧಕ ಗೂಳಪ್ಪ ಮಾತ್ರ ಪೆನ್ನು ತೆಗೆದರು. "ಆ ಪುಟ ಎಷ್ಟು ವರ್ಷದಿಂದ ಖಾಲಿ ಇದೆ, ಮೇಡಂ?"

"ಮೊದಲಿಂದಲೂ. ಖಾಲಿ ಇರಲಿ ಅಂತಲೇ ಬಿಟ್ಟಿರೋದು. ಅದರಾಚೆ ಮಹಡಿಗಳ ಪಟ್ಟಿ ಇದೆ. ಅದರ ಮೇಲೆ ಏನಾದ್ರೂ ಬಿದ್ರೆ ಲಿಫ್ಟ್ ಎಲ್ಲೆಲ್ಲೋ ಹೋಗುತ್ತೆ."

"ಖಾಲಿ ಜಾಗಕ್ಕೆ ಕಾವಲು," ಎಂದು ಗೂಳಪ್ಪ ಬರೆದುಕೊಂಡರು.

ಸೋಮವಾರ ಆದೇಶ ಹೊರಬಿತ್ತು: "ಬಹುಕಾಲದಿಂದ ನಿರುಪಯುಕ್ತವಾಗಿ ಬಿದ್ದಿರುವ ಸದರಿ ಪುಟವನ್ನು, ಅದು ಅನ್ಯರಿಂದ ಒತ್ತುವರಿಯಾಗುವ ಮುನ್ನವೇ, ಸ್ವಾಗತ ಪ್ರೋಗ್ರಾಮಿಗೆ ಮಂಜೂರು ಮಾಡಲಾಗಿದೆ." ಸತ್ಯಭಾಮಾ ಆಕ್ಷೇಪಣೆ ಬರೆದರು. ಅದು ಎರಡು ಪುಟ ಮೀರಿದೆ ಎಂಬ ಷರಾದೊಂದಿಗೆ ವಾಪಸು ಬಂತು.

ದಸರಾ ಹೊತ್ತಿಗೆ ಬಿರುದುಗಳು ಹದಿನೇಳಾದವು. ಮಂಜೂರಾದ ಪುಟವನ್ನೂ ತುಂಬಿಕೊಂಡು ಮಹಡಿಗಳ ಪಟ್ಟಿಯ ಮೇಲೆ ಹರಡಿದವು. ತಡೆಯುವವರಿಲ್ಲದ್ದರಿಂದ ಯಾವ ಪ್ರೋಗ್ರಾಮೂ ನಿಲ್ಲಲಿಲ್ಲ, ನಿಗಮದ ವರದಿಯಲ್ಲಿ ದೋಷಗಳ ಸಂಖ್ಯೆ ಸೊನ್ನೆಗಿಳಿಯಿತು. ಅದಕ್ಕಾಗಿ ಜಯನಗರದಲ್ಲಿ ಅಧ್ಯಕ್ಷರಿಗೆ 'ಶೂನ್ಯದೋಷ ಶಿರೋಮಣಿ' ಎಂಬ ಬಿರುದು ಕೊಟ್ಟರು. ಅದನ್ನೂ ಸೇರಿಸಲಾಯಿತು.

ಆಮೇಲೆ ಕತ್ರಿಗುಪ್ಪೆಯ ಒಂದು ಅಪಾರ್ಟ್‌ಮೆಂಟಿನಿಂದ ದೂರು ಬಂತು. ಸತ್ಯಭಾಮಾ ಯಾರನ್ನೂ ಕೇಳದೆ, ಆ ಖಾಲಿ ಪುಟವನ್ನು ಮರಳಿ ತಂದು ಸರಿಪಡಿಸಿದ ಕರ್ನಲ್ ಇದ್ದ ಪೆನ್‌ಡ್ರೈವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಟರು. ಕೆಲಸ ಹೋದರೆ ಹೋಗಲಿ ಎಂದು ಆಟೋದಲ್ಲೇ ತೀರ್ಮಾನಿಸಿದ್ದರು.

ಕಟ್ಟಡದ ಒಡತಿ ಸೊಣ್ಣಮ್ಮ, ಸತ್ಯಭಾಮಾ ಅವರನ್ನು ಐದನೇ ಮಹಡಿಯ ತಮ್ಮ ಮನೆಗೆ ಕರೆದೊಯ್ಯಲು ಲಿಫ್ಟ್ ಹತ್ತಿಸಿ, ಎರಡರ ಗುಂಡಿ ಒತ್ತಿದರು.

"ಐದಕ್ಕೆ ಎರಡು ಒತ್ಬೇಕು ಕಣವ್ವ. ಎರಡಕ್ಕೆ ನಾಲ್ಕು. ಮೂರಕ್ಕೆ ಮೆಟ್ಲೇ ಗತಿ."

"ಸರಿ ಮಾಡೋಕೇ ಬಂದಿದ್ದೀನಮ್ಮ. ಅರ್ಧ ಗಂಟೆ ಸಾಕು."

ಸೊಣ್ಣಮ್ಮನ ಮುಖ ಸಣ್ಣಗಾಯಿತು. "ಈಗ್ಯಾಕೆ? ಎಲ್ಲಾರೂ ಬಾಯಿಪಾಠ ಮಾಡ್ಕಂಡವ್ರೆ. ಮಕ್ಕಳೂ ಕಲ್ತವ್ರೆ. ಇನ್ನೊಂದ್ಸಲ ಬದಲಾಯಿಸಿದ್ರೆ ನನ್ನ ಮೇಲೆ ಜಗಳಕ್ಕೆ ಬತ್ತಾರೆ."

"ಮೂರನೇ ಮಹಡಿಯವರು?"

"ಮಂಗಮ್ಮ ಒಬ್ಳೇ. ಮಂಡಿ ನೋವು, ಎರಡು ತಿಂಗಳಿಂದ ಕೆಳಗಿಳಿದಿಲ್ಲ. ತರಕಾರಿ ನಾವೇ ಕೊಟ್ಟು ಬತ್ತೀವಿ. ಅವಳೂ ಒಗ್ಗೋಗವ್ಳೆ."

"ಮತ್ತೆ ದೂರು ಕೊಟ್ಟಿದ್ದು?"

"ಹೊಸ್ದಾಗಿ ಬಂದೋರು. ಈಗ ಅವ್ರೂ ಕಲ್ತವ್ರೆ."

ಸತ್ಯಭಾಮಾ ಮೂರನೇ ಮಹಡಿಗೆ ಮೆಟ್ಟಿಲಿಳಿದು ಹೋಗಿ, ಲಿಫ್ಟ್ ಸರಿ ಮಾಡಲೇ ಎಂದು ಮಂಗಮ್ಮನನ್ನೇ ಕೇಳಿದರು. ಮಂಗಮ್ಮ ಕಾಫಿ ಕೊಟ್ಟು, ನಿಮಗ್ಯಾಕೆ ತೊಂದರೆ ಬಿಡಿ ಎಂದರು.

ಲೋಟ ಕೆಳಗಿಟ್ಟು ಸತ್ಯಭಾಮಾ ಪರಿಶೀಲನಾ ವರದಿ ಬರೆದರು: "ಲಿಫ್ಟ್ ಸುಸ್ಥಿತಿಯಲ್ಲಿದೆ. ನಿವಾಸಿಗಳು ತರಬೇತಿ ಹೊಂದಿರುತ್ತಾರೆ." ಅದನ್ನು ಹಿಡಿದು ಮತ್ತೆ ಐದನೇ ಮಹಡಿಗೆ ಮೆಟ್ಟಿಲು ಹತ್ತಿದರು. ಸೊಣ್ಣಮ್ಮ ರುಜು ಹಾಕಿ ಲಿಫ್ಟಿನವರೆಗೆ ಬಂದರು.

"ಕೆಳಕ್ಕೆ ಹೋಗೋಕೆ ಯಾವುದು ಒತ್ಲಿ?"

"ಐದು."

ಸತ್ಯಭಾಮಾ ಐದು ಒತ್ತಿದರು.