ನನ್ನ ಪಾಠ ನಾನೇ ಕೇಳಿದ್ದು

ನಾನು ಒಳ್ಳೆಯ ಮೇಷ್ಟ್ರು ಎಂಬ ವಿಷಯದಲ್ಲಿ ನನಗೆ ಇಪ್ಪತ್ತೆರಡು ವರ್ಷ ಯಾವ ಅನುಮಾನವೂ ಇರಲಿಲ್ಲ. ಅನುಮಾನ ಹುಟ್ಟಿದ್ದು ನನ್ನ ಪಾಠವನ್ನು ನಾನೇ ಕೂತು ಕೇಳಿದ ಮೇಲೆ. ಅಡುಗೆ ಮಾಡಿದವರು ತಮ್ಮ ಸಾರನ್ನು ತಾವೂ ಉಣ್ಣುತ್ತಾರೆ. ದರ್ಜಿ ತಾನು ಹೊಲಿದ ಅಂಗಿಯನ್ನು ತಾನೂ ತೊಡುತ್ತಾನೆ. ಮೇಷ್ಟ್ರು ಮಾತ್ರ ಊರ ಮಕ್ಕಳಿಗೆಲ್ಲ ಬಡಿಸಿ, ತಾನು ಒಂದು ತುತ್ತೂ ಬಾಯಿಗಿಡದೆ, ಕೈಗಂಟಿದ ಸೀಮೆಸುಣ್ಣ ತೊಳೆದುಕೊಂಡು ಬಸ್ಸು ಹತ್ತುತ್ತಾನೆ. ನನ್ನದು ವಿಜ್ಞಾನ. ಹಗರಿಬೊಮ್ಮನಹಳ್ಳಿಯಲ್ಲಿ ಮನೆ, ಕೂಡ್ಲಿಗಿ ರಸ್ತೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲು. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಇಲ್ಲ ಎಂದರೆ ಅವನಿಗೂ ಒಂದಿಷ್ಟು ಬೋಧಿಸಿ ಇಳಿಯುವ ಜಾತಿ ನನ್ನದು.

ಕಳೆದ ವರ್ಷ ನಮಗೆಲ್ಲ ಒಂದು ತರಬೇತಿ ಇತ್ತು. ತಂತ್ರಜ್ಞಾನ ಬಳಸಿ, ಮಕ್ಕಳನ್ನು ಕೇಂದ್ರದಲ್ಲಿಟ್ಟುಕೊಂಡು ಕಲಿಸುವುದು ಹೇಗೆ ಎಂಬುದು ವಿಷಯ. ಇಂಥ ಕಡೆ ನಾನು ಗೋಡೆಗೆ ಒರಗಲು ಅನುಕೂಲವಾಗುವ ಕುರ್ಚಿ ಹುಡುಕುತ್ತೇನೆ. ಅಂದು ಒರಗಲು ಆಗಲಿಲ್ಲ. ತರಬೇತಿ ಕೊಡಲು ಬಂದವಳು ಶೈಲಜಾ. ನಾನು ಹಿಂದೆ ಹರಪನಹಳ್ಳಿ ಕಡೆ ಕೆಲಸದಲ್ಲಿದ್ದಾಗ ನನ್ನ ಕೈಯಲ್ಲೇ ಕಲಿತ ಹುಡುಗಿ. ನನ್ನನ್ನು ಕಂಡವಳೇ ವೇದಿಕೆಯಿಂದ ಇಳಿದು ಬಂದು ನಮಸ್ಕಾರ ಮಾಡಿದಳು. ಪಕ್ಕದಲ್ಲಿದ್ದ ಮೇಷ್ಟ್ರುಗಳಿಗೆ ಕೇಳಿಸಲಿ ಎಂದು ನಾನು ಸ್ವಲ್ಪ ಜೋರಾಗಿಯೇ, "ನನ್ನ ಪಾಠ ಇನ್ನೂ ನೆನಪೈತೇನಮ್ಮ?" ಎಂದೆ.

"ಪೂರಾ ನೆನಪೈತ್ರಿ ಸರ್. ನಮಗೂ ಸ್ವಲ್ಪ ಮಾತಾಡಾಕ ಬಿಟ್ಟಿದ್ರ ಇನ್ನೂ ಚಲೋ ನೆನಪಿರ್ತಿತ್ತು," ಎಂದು ನಕ್ಕಳು. ಪಕ್ಕದವರಿಗೆ ಅದೂ ಕೇಳಿಸಿತು.

ಆಮೇಲೆ ಅವಳು ಎಲ್ಲರಿಗೂ ಒಂದು ಕೆಲಸ ಕೊಟ್ಟಳು. "ಹೊಸ ಯಂತ್ರ ಏನೂ ಬ್ಯಾಡ್ರಿ. ನಿಮ್ಮ ಕಿಸೆದಾಗಿನ ಮೊಬೈಲ್ ಸಾಕು. ನಿಮ್ಮದ ಒಂದು ಪೀರಿಯಡ್ ರೆಕಾರ್ಡ್ ಮಾಡ್ರಿ. ಮನಿಗೆ ಹೋಗಿ ಕೇಳ್ರಿ. ಮಕ್ಕಳು ಎಷ್ಟು ಮಾತಾಡ್ಯಾರ, ನೀವು ಎಷ್ಟು ಮಾತಾಡೀರಿ, ಅಷ್ಟ ನೋಡ್ರಿ."

ನಾನು ಒಂಬತ್ತನೇ ತರಗತಿಗೆ 'ಶಬ್ದ' ಪಾಠ ಮಾಡುವಾಗ ಮೊಬೈಲನ್ನು ಮೇಜಿನ ಮೇಲಿಟ್ಟೆ. ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಿದ್ದರಿಂದ ಎಂದಿಗಿಂತ ಚೆನ್ನಾಗಿಯೇ ಮಾಡಿದೆ. ಸಂಜೆ ಮನೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂತು ಅದನ್ನು ಹಚ್ಚಿದೆ. ನನ್ನ ಹೆಂಡತಿ ಸುಜಾತಾ ನರ್ಸು, ಡ್ಯೂಟಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಮೊಬೈಲಿನಿಂದ ಯಾರೋ ಒಬ್ಬ ಮೂಗಿನಲ್ಲಿ ಮಾತಾಡತೊಡಗಿದ. ಅದು ನಾನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಶಬ್ದ ಹೇಗೆ ಉಂಟಾಗುತ್ತದೆ? ಹೇಳ್ರಿ ನೋಡೋಣ. ಕಂಪನದಿಂದ. ತಿಳೀತಾ? ತಿಳೀತು. ನಿರ್ವಾತದಲ್ಲಿ ಶಬ್ದ ಹರಡುತ್ತದಾ? ಹರಡುವುದಿಲ್ಲ. ಯಾಕೆ? ಯಾಕೆ ಅಂದ್ರೆ..." ಹೀಗೆ ಇಡೀ ಪೀರಿಯಡ್ಡು. ನಲವತ್ತು ಮಕ್ಕಳ ಆ ಕೋಣೆಯಿಂದ ನನ್ನದಲ್ಲದ ದನಿ ಕೇಳಿದ್ದು ಒಂದೇ ಸಲ: "ಸರ್, ನೀರು ಕುಡಿಯಾಕ ಹೋಗ್ಲೆನ್ರಿ?"

ಸುಜಾತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಕೇಳಾವ್ರೂ ನೀವ, ಹೇಳಾವ್ರೂ ನೀವ. ಪೇಷಂಟ್ ಏನ್ ತ್ರಾಸು ಅಂತ ಹೇಳೋದ್ರಾಗ ನಾವು ಗುಳಿಗಿ ನುಂಗಿಸಿದ್ರ ಹೆಂಗಿರ್ತೈತಿ?" ಎಂದಳು. ನಾನು ಗೋಡೆ ನೋಡಿದೆ. ಅಲ್ಲಿ ಬುದ್ಧನ ಚಿತ್ರವಿದೆ. ಇಡೀ ಮನೆಯಲ್ಲಿ ನನ್ನ ಪಾಠವನ್ನು ಮುಖ ಸಿಂಡರಿಸದೆ ಕೇಳಿದವನು ಅವನೊಬ್ಬನೇ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಕೊನೆಯ ಸಾಲಿನಲ್ಲಿ ಕೂರಿಸುತ್ತಿದ್ದರು. ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉತ್ತರ ಗೊತ್ತಿದ್ದ ದಿನವೂ ಬೆರಳು ಎತ್ತಿ, ಎತ್ತಿ, ಇಳಿಸಿ ಮನೆಗೆ ಬರುತ್ತಿದ್ದೆ. ಮುಂದೆ ಮೇಷ್ಟ್ರಾಗಿ ನಿಂತಾಗ, ಅಷ್ಟು ವರ್ಷ ಒಳಗೇ ಉಳಿದದ್ದೆಲ್ಲ ಒಮ್ಮೆಲೇ ಹೊರಗೆ ಬಂದಿರಬೇಕು. ಬಂದದ್ದು ನಿಲ್ಲಲಿಲ್ಲ. ನನ್ನ ಎದುರಿನ ಕೊನೆಯ ಸಾಲಿನಲ್ಲೂ ಯಾರೋ ಕೂತಿರುತ್ತಾರೆ ಎಂಬುದು ಮಾತಿನ ಭರದಲ್ಲಿ ಕಾಣಲೇ ಇಲ್ಲ.

ಕೂತಿದ್ದವಳು ಹುಲಿಗೆಮ್ಮ. ಕುರಿ ಸಾಕುವ ಬೀರಪ್ಪನ ಮಗಳು. ಎಂಟನೇ ತರಗತಿಯಿಂದ ನನ್ನ ವಿದ್ಯಾರ್ಥಿನಿ. ಹಾಜರಿ ಕೂಗಿದಾಗ "ಎಸ್ ಸರ್" ಎಂದದ್ದು ಬಿಟ್ಟರೆ ಬೇರೆ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ಸಂತೆಯಲ್ಲಿ ಸಿಕ್ಕ ಬೀರಪ್ಪ, "ಹುಡುಗಿ ಹೆಂಗದಾಳ್ರಿ ಮಾಸ್ತರ?" ಎಂದು ಕೇಳಿದ್ದ. ಕೈಯಲ್ಲಿ ತರಕಾರಿ ಚೀಲ ಹಿಡಿದಿದ್ದ ನಾನು ಹೆಚ್ಚು ಯೋಚಿಸದೆ, "ತಲಿಗೆ ಹತ್ತವಲ್ದಪ್ಪ," ಎಂದು ಮುಂದೆ ಹೋಗಿದ್ದೆ.

ಶೈಲಜಾಳಿಗೆ ಫೋನು ಮಾಡಿ ಸೋಲು ಒಪ್ಪಿಕೊಂಡೆ. ಅವಳು ಶಬ್ದದ ಅಲೆಗಳನ್ನು ಗೆರೆಗಳಾಗಿ ತೋರಿಸುವ ಒಂದು ಆ್ಯಪ್ ಹೇಳಿದಳು. "ಮಕ್ಕಳಿಗೆ ಮನಿಯಿಂದ ಒಂದೊಂದು ಶಬ್ದ ತರಾಕ ಹೇಳ್ರಿ. ಅವರ ತೋರಿಸಲಿ, ಅವರ ಹೇಳಲಿ. ನೀವು ಹಿಂದ ಕುಂದರ್ರಿ ಸರ್," ಎಂದಳು. ಹಿಂದೆ ಕೂರುವುದು ನನಗೆ ಗೊತ್ತಿದ್ದ ವಿದ್ಯೆಯೇ. ಮೊಬೈಲನ್ನು ಶಾಲೆಯ ಟಿ.ವಿ.ಗೆ ಜೋಡಿಸಿ ಕೊನೆಯ ಬೆಂಚಿನಲ್ಲಿ ಕೂತೆ. ಮಕ್ಕಳು ಮೊದಲು ಹೆದರಿದರು. ಒಬ್ಬಳು ಬಂದು, "ಸರ್, ಆರಾಮಿಲ್ಲೇನ್ರಿ?" ಎಂದು ಮೆಲ್ಲಗೆ ವಿಚಾರಿಸಿದಳು. ಆಮೇಲೆ ಒಬ್ಬ ಮನೆಯ ಮೊಬೈಲಿನಲ್ಲಿ ಹಿಡಿದು ತಂದ ಟ್ರ್ಯಾಕ್ಟರಿನ ಶಬ್ದ ಕೇಳಿಸಿದ, ಇನ್ನೊಬ್ಬಳು ಅಜ್ಜನ ಗೊರಕೆ. ಗೊರಕೆಯ ಅಲೆಗೆ ಚಪ್ಪಾಳೆ ಬಿತ್ತು.

ಹುಲಿಗೆಮ್ಮನ ಮನೆಯಲ್ಲಿದ್ದ ಒಂದೇ ಮೊಬೈಲು ಅಪ್ಪನ ಜೊತೆ ಕುರಿ ಹಿಂದೆ ಹೋಗಿತ್ತು. ಅವಳು ಚೀಲದಿಂದ ಎರಡು ಗಂಟೆ ತೆಗೆದಳು, ಕುರಿಯ ಕೊರಳಿಗೆ ಕಟ್ಟುವಂಥವು. ಒಂದು ದೊಡ್ಡದು, ಒಂದು ಚಿಕ್ಕದು. ಹುಡುಗರು ಕಿಸಕ್ಕೆಂದರು. ಅವಳು ದೊಡ್ಡದನ್ನು ಅಲ್ಲಾಡಿಸಿದಳು. ಟಿ.ವಿ.ಯಲ್ಲಿ ಅಲೆಗಳು ದೂರದೂರ ಮೂಡಿದವು. ಚಿಕ್ಕದಕ್ಕೆ ಒತ್ತೊತ್ತಾಗಿ ಬಂದವು.

"ಅಂದ್ರ, ಚಿಕ್ಕ ಗಂಟಿ ಸಪ್ಪಳ ಕಡಿಮಿ. ತಿಳೀತಾ? ತಿಳೀ..." ಎಂದು ನಾನು ಹಿಂದಿನಿಂದ ಅವಸರದಲ್ಲಿ ಶುರು ಮಾಡಿಬಿಟ್ಟೆ.

"ಅಲ್ರಿ ಸರ," ಎಂದಳು ಹುಲಿಗೆಮ್ಮ. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. "ಸಪ್ಪಳ ಕಡಿಮಿ ಅಲ್ರಿ. ದನಿ ಸಣ್ಣದು. ಜೋರು ಬ್ಯಾರೆ, ದಪ್ಪ ಬ್ಯಾರೆ." ಚಿಕ್ಕ ಗಂಟೆಯನ್ನು ಮೊದಲು ಮೆಲ್ಲಗೆ, ಆಮೇಲೆ ಕಿವಿ ಕಿತ್ತುಹೋಗುವಂತೆ ಬಾರಿಸಿದಳು. "ನೋಡ್ರಿ, ಜೋರಾಗಿ ಬಡಿದ್ರ ಗೆರಿ ಎತ್ತರ ಆತು. ಆದ್ರ ಗೆರಿ ಒತ್ತೊತ್ತಾಗಿರೋದು ಹಂಗ ಐತಿ. ಎಷ್ಟು ಬಡಿದ್ರೂ ದೊಡ್ಡ ಗಂಟಿ ದನಿ ಬರಂಗಿಲ್ಲ. ಟಗರಿಗೆ ದೊಡ್ಡದು, ಮರಿಗೆ ಸಣ್ಣದು ಕಟ್ಟಿರ್ತೀವಿ. ಕಣ್ಣು ಮುಚ್ಚಿದ್ರೂ ಯಾವುದು ಎತ್ತಾಗ ಹೋಗೈತಿ ಗೊತ್ತಾಗಬೇಕಲ್ರಿ."

ದನಿಯ ದಪ್ಪ-ಸಣ್ಣ, ಅಂದರೆ ಸ್ಥಾಯಿ ಬೇರೆ, ಅದರ ಜೋರು, ಅಂದರೆ ಗಟ್ಟಿತನ ಬೇರೆ ಎಂಬುದನ್ನು ನಾನು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಪರೀಕ್ಷೆಯಲ್ಲಿ ಅದನ್ನು ಅದಲುಬದಲು ಮಾಡಿ ಬರೆದಿದ್ದಾರೆ. ಅಂದು ಯಾರಿಗೂ ಅದಲುಬದಲಾಗಲಿಲ್ಲ. ಕಿಸಕ್ಕೆಂದ ಹುಡುಗರೇ ಎದ್ದು ಅವಳನ್ನು ಪ್ರಶ್ನೆ ಕೇಳಿದರು. ನಾನು ಬಾಯಿ ಬಿಗಿಹಿಡಿದೆ ಎಂದೇ ತಿಳಿದಿದ್ದೆ. ಇದನ್ನೂ ಆ ಆ್ಯಪ್‌ನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೆ.

ಮುಂದಿನ ವಾರ ಬೀರಪ್ಪ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೇ ಬಂದ. ಕುರಿ ಹೊಡೆದುಕೊಂಡು ಮೇವಿಗೆಂದು ಕೆಲವು ತಿಂಗಳು ಹಲವಾಗಲು ಕಡೆ ಹೊಳೆ ದಂಡೆಗೆ ಹೋಗುವವನಿದ್ದ. "ಹುಡುಗಿನೂ ಕರಕೊಂಡು ಹೊಂಟೀನ್ರಿ. ಹೆಸರು ತೆಗೆದುಬಿಡ್ರಿ," ಎಂದ.

"ಯಾಕಪ್ಪ?"

"ನೀವ ಹೇಳಿದ್ರಲ್ರಿ, ತಲಿಗೆ ಹತ್ತಂಗಿಲ್ಲಂತ. ಸುಮ್ನ ಯಾಕ ಕುಂದರಸೋದು?"

ಹುಲಿಗೆಮ್ಮ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಂದ ತಪ್ಪಾತು ಬೀರಪ್ಪ. ನಾನು ನೋಡಲಾರ್ದ ಹೇಳಿದ್ದೆ," ಎಂದೆ. ಅವನು ನಂಬಲಿಲ್ಲ. ಮಾಸ್ತರು ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡ. ನಾನು ಮೊಬೈಲು ತೆಗೆದು, ಅವತ್ತಿನ ರೆಕಾರ್ಡಿಂಗ್ ಹಚ್ಚಿ ಅವನ ಕೈಗಿಟ್ಟೆ.

ಅವನು ಅದನ್ನು ಕಿವಿಗೆ ಒತ್ತಿಕೊಂಡು ನಿಂತ. ಗಂಟೆ ಕೇಳಿದಾಗ ಹುಬ್ಬು ಮೇಲೆ ಹೋಯಿತು. ಮಗಳ ದನಿ ಬಂದಾಗ ಅವಳ ಕಡೆ ಒಮ್ಮೆ ತಿರುಗಿ ನೋಡಿದ. ಮುಗಿದ ಮೇಲೆ, "ಇನ್ನೊಮ್ಮೆ ಹಚ್ರಿ," ಎಂದ. ಎರಡನೇ ಸಲವೂ ಪೂರ್ತಿ ಕೇಳಿ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

"ಇರ್ಲಿ ಬಿಡ್ರಿ, ಓದ್ಲಿ. ಅವ್ರಜ್ಜಿ ಕೂಡ ಊರಾಗ ಇರ್ತಾಳ," ಎಂದು ಮೊಬೈಲು ಹಿಂದಕ್ಕೆ ಕೊಟ್ಟ. ಬಾಗಿಲವರೆಗೆ ಹೋದವನು ಏನೋ ನೆನಪಾಗಿ ನಿಂತ.

"ಆದ್ರ ಮಾಸ್ತರ, ನಮ್ಮ ಹುಡುಗಿ ಅಷ್ಟು ಚಂದ ಹೇಳಾಕತ್ರ, ಒಬ್ಬಾವ ನಡುನಡುವ ಬಾಯಿ ಹಾಕ್ತಾನಲ್ರಿ, ಯಾರ್ರಿ ಅವ? ಅವನ್ನ ಸ್ವಲ್ಪ ಹೊರಗ ನಿಂದರಸ್ರಿ."

ಹುಲಿಗೆಮ್ಮ ಗಾಬರಿಯಾಗಿ ನನ್ನ ಮುಖ ನೋಡಿ, ವೇಲು ಬಾಯಿಗೆ ತುರುಕಿಕೊಂಡಳು.

"ಆತು ಬೀರಪ್ಪ, ನಿಂದರಸ್ತೀನಿ," ಎಂದೆ.